ಹೊಳೆಬದಿಯ ನಡುಗಂಬ

ನಾನು ಹೋದಾಗ ಅಲ್ಲಿ ಮನೆ ಇರಲಿಲ್ಲ, ಮನೆಯ ಎಲುಬುಗೂಡು ಇತ್ತು. ಉಕ್ಕಿನ ಆರು ಪೈಪು ಕಂಬಗಳು: ಹೊಳೆಯ ಕಡೆ ಮೂರು, ಕಾಡಿನ ಕಡೆ ಮೂರು. ಅವುಗಳ ತಲೆಯ ಮೇಲೆ, ಎತ್ತಿದ ಕೈಗೂ ಸಿಗದ ಎತ್ತರದಲ್ಲಿ, ಬೋಲ್ಟು ಹಾಕಿ ಬಿಗಿದ ಉಕ್ಕಿನ ತೊಲೆಗಳು. ನೆಲವಿಲ್ಲ, ಗೋಡೆಯಿಲ್ಲ, ಸೂರಿಲ್ಲ. ಒಂದು ಮೂಲೆಗೆ ಏಣಿ ಒರಗಿಸಿತ್ತು. ಯಾರೋ ಈಗಷ್ಟೇ ಇಳಿದು ಊಟಕ್ಕೆ ಹೋದ ಹಾಗೆ.

ಜಾಗ ಮಾಗೋಡು ಜಲಪಾತಕ್ಕಿಂತ ಮೇಲೆ, ಬೇಡ್ತಿ ಹೊಳೆಯ ದಂಡೆ. ನಮ್ಮ ಇಲಾಖೆಯದು ಹೊಳೆಯ ನೀರು ಅಳೆಯುವ ಕೆಲಸ. ದಂಡೆಯಲ್ಲಿ ಅಡಿ, ಇಂಚು ಬರೆದ ಪಟ್ಟಿಯೊಂದು ನಿಂತಿರುತ್ತಿತ್ತು. ಅದನ್ನು ನೋಡಿ ಬರೆದಿಡಲು ಬನವಾಸಿ ಕಡೆಯ ಒಬ್ಬ ಹಂಗಾಮಿ ನೌಕರ. ಹಿಂದಿನ ಮಳೆಗಾಲ ಅವನ ತಗಡಿನ ಶೆಡ್ಡನ್ನು ಹೊಳೆ ಹೊತ್ತುಕೊಂಡು ಹೋಗಿತ್ತು. ಪುಣ್ಯಕ್ಕೆ ಅವನು ಆಗ ಮೇಲೆ ದಿಬ್ಬದಲ್ಲಿದ್ದ. ಮುಂದಿನ ಮಳೆಗಾಲ ಪೂರ್ತಿ ಅಲ್ಲೇ ನಿಂತು ನೀರು ನೋಡಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಕಚೇರಿ ಹೇಳಿತ್ತು. ಒಬ್ಬನೇ ಹಗಲೂ ರಾತ್ರಿ ನೋಡಲಾಗದೆಂದು ಬೇಸಿಗೆಗೆ ಹೆಂಡತಿಯನ್ನು ಕರೆತಂದಿದ್ದ. ಅವಳಿಗೂ ಅಂಕಿ ಓದಲು ಬರುತ್ತಿತ್ತು. ಅವರಿಬ್ಬರಿಗಾಗಿ ಈ ಎತ್ತರದ ಮನೆ.

ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಕೆಲವೇ ವರ್ಷವಾಗಿತ್ತು. ನನಗೋ ಮೀಸೆ ಬಂದು ಅದಕ್ಕಿಂತ ಕಡಿಮೆ. ನನ್ನ ಯೋಗ್ಯತೆ ಎರಡು: ಓವರ್‌ಸಿಯರ್ ಪರೀಕ್ಷೆ ಪಾಸಾದದ್ದು, ಯಾರನ್ನು ಬೇಕಾದರೂ ಅಣಕಿಸುವುದು. ಎರಡನೆಯದರಲ್ಲಿ ಅಂಕ ಹೆಚ್ಚು. ಸಿದ್ದಾಪುರದ ಮನೆಯಲ್ಲಿ ಅಮ್ಮ, "ತಮಾ, ಬಂದವ್ರ ಎದ್ರಿಗೆ ಬಾಯಿ ಮುಚ್ಕಂಡಿರು. ನಿಂಗೆ ಎಂತ ಬಂದ್ರೂ ಆ ಬಾಯಿಂದ್ಲೇ ಬತ್ತು" ಎನ್ನುತ್ತಿದ್ದಳು. ನಾನು ಅದನ್ನೂ ಅವಳದೇ ದನಿಯಲ್ಲಿ ತಿರುಗಿ ಹೇಳುತ್ತಿದ್ದೆ.

ಶಿರಸಿಯ ಕಚೇರಿಯಲ್ಲಿ ಸಾಹೇಬರು ನನ್ನನ್ನು ಕರೆದು ಕೆಲಸ ಒಪ್ಪಿಸಿದ್ದು ಹೀಗೆ: "ಅರೇ ಹೆಗಡೆ, ಆ ಉಕ್ಕಿನ ಪರ್ಮಿಟ್ಟಿಗೆ ನಾ ಎಷ್ಟು ಓಡಾಡೀನಿ ಗೊತ್ತೈತೇನು? ಉಕ್ಕು ಬಂತು, ಅರ್ಧ ನಿಂತೂ ಬಿಟ್ಟೈತಿ. ಈಗ ಅಲ್ಲಿ ಮಂದಿ ಕಟ್ಟಿಗೀದ ಬೇಕಂತ ಕುಂತಾರ. ನೀ ಹೋಗಿ ನೋಡು. ಉಕ್ಕಂದ್ರ ಉಕ್ಕು, ಕಟ್ಟಿಗಿ ಅಂದ್ರ ಕಟ್ಟಿಗಿ. ಮಳಿ ಬೀಳೂದ್ರಾಗ ಗಂಡ ಹೆಂಡ್ತಿ ಮ್ಯಾಲ ಇರಬೇಕು."

"ಮೊದಲಿನ ಓವರ್‌ಸಿಯರ್ರು?"

"ಅವ ಈಗ ಇಲ್ಲ" ಎಂದು ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ವರ್ಗವಾಗಿರಬೇಕು ಎಂದುಕೊಂಡೆ.

ಮೊದಲ ದಿನವೇ ನನ್ನ ಮನಸ್ಸು ಉಕ್ಕಿನ ಕಡೆ ವಾಲಿತ್ತು. ನೇರ ಇದೆ, ನಿಂತಿದೆ, ಗೆದ್ದಲು ತಿನ್ನುವುದಿಲ್ಲ. ಕಟ್ಟಿಗೆಯಾದರೆ ಯಲ್ಲಾಪುರದ ಡಿಪೋಗೆ ಹೋಗಬೇಕು, ದಿಮ್ಮಿ ಆರಿಸಬೇಕು, ಪಾಸು, ಮುದ್ರೆ, ಲಾರಿ, ಆಮೇಲೆ ಆಚಾರಿಯ ಬಾಚಿ ಏಳುವ ತನಕ ಕಾಯಬೇಕು. ಆಚಾರಿ ಎಂದರೆ ಅಲ್ಲಿದ್ದ ಬಡಗಿ. ನೆಲದ ಹಲಗೆ, ಗೋಡೆಯ ಕೆಲಸಕ್ಕೆಂದು ಮೊದಲಿನಿಂದಲೂ ಇದ್ದವನು. ಮೂಗಿನಲ್ಲಿ ಮಾತಾಡುತ್ತಿದ್ದ, ಉಕ್ಕನ್ನು ಕಂಡರೆ ಸವತಿಯ ಮಗನನ್ನು ಕಂಡ ಹಾಗೆ ಮಾಡುತ್ತಿದ್ದ.

"ಅದು ಉಸಿರಾಡೂದಿಲ್ಲ ಹೆಗಡೇರೆ. ಅದ್ರ ಮೇಲೆ ಮನುಷ್ಯರು ಮಲಗೂದು ಹೆಂಗೆ?"

"ನೀವು ಬಸ್ಸಲ್ಲಿ ಶಿರಸಿ ತನಕ ಗೊರಕೆ ಹೊಡ್ಕೊಂಡು ಹೋಗ್ತೀರಲ್ಲ ಆಚಾರ್ರೆ, ಅದು ಯಾವ ಮರದ್ದು?"

ನಕ್ಕ. ಆದರೆ ನೌಕರನ ಹೆಂಡತಿ ನಗಲಿಲ್ಲ. ಕಂಬಗಳಿಂದ ದೂರ, ದಿಬ್ಬದ ಮೇಲೆ ಸೋಗೆಯ ಚಪ್ಪರ ಹಾಕಿಕೊಂಡು ಅಲ್ಲಿ ಅಡಿಗೆ ಮಾಡುತ್ತಿದ್ದಳು. ನನ್ನ ಕೈಗೆ ರೊಟ್ಟಿ ಕೊಡುತ್ತ ನೇರವಾಗಿ ಹೇಳಿದಳು: "ನಾ ಅದರ ಮ್ಯಾಲ ಹತ್ತಂಗಿಲ್ರಿ."

"ಯಾಕಮ್ಮಾ?"

"ಮಂದಿ ಇರೂ ಮನ್ಯಾಗ ನಾವ್ಯಾಕ ಹೊಗೂಣ್ರಿ?"

ಗಂಡ ತಲೆ ಕೆಳಗೆ ಹಾಕಿದ. "ಆಕಿ ಒಲ್ಲೆ ಅಂದ್ರ ನಾನೂ ಇಲ್ರಿ ಸಾಹೇಬ್ರ. ನೌಕರಿ ಹೋದ್ರ ಹೋತು. ಒಬ್ಬಾಂವ ಹ್ಯಾಂಗ ಇರ್ಲಿ?" ಎಂದ. ಹೋದರೆ ಹೋಯಿತು ಎನ್ನುವಾಗ ಅವನ ದನಿ ಹೋದ ಹಾಗೆಯೇ ಇತ್ತು.

ಅವಳು ಹೇಳಿದ್ದು ಸಂಜೆಯ ಸದ್ದಿನ ಮಾತು. ಬಿಸಿಲು ಮರಗಳ ಹಿಂದೆ ಇಳಿದ ಮೇಲೆ ಗೂಡು ಠಕ್, ಠಕ್ ಎನ್ನುತ್ತಿತ್ತು, ಆಮೇಲೆ ಒಂದು ಎಳೆದ ಗರಗರ. ನಾನು ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದೆ: ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಬೋಲ್ಟಿನ ತೂತಿನಲ್ಲಿ ಕೂದಲೆಳೆಯಷ್ಟು ಜಾರುತ್ತದೆ, ಅಷ್ಟೇ. ಸತ್ಯವನ್ನೇ ಹೇಳಿದ್ದೆ. ಅವಳು ಕೇಳಿದಳು, ತಲೆಯಾಡಿಸಿದಳು, ಚಪ್ಪರದ ಒಲೆಯನ್ನು ಇನ್ನೂ ಸ್ವಲ್ಪ ದೂರ ಹಾಕಿಕೊಂಡಳು.

ಕೆಲವು ವಾರ ಅಳೆಯುವುದು, ಮೇಲೆ ಹತ್ತಿ ಬೋಲ್ಟು ಎಣಿಸುವುದು, ಹಲಗೆಯ ಲೆಕ್ಕ, ಇದರಲ್ಲೇ ಹೋಯಿತು. ಮಧ್ಯಾಹ್ನ ಊಟದ ಹೊತ್ತು ನನ್ನ ಆಟ. ಆಚಾರಿ ಮೂಗಿನಲ್ಲಿ ಉಕ್ಕನ್ನು ಬೈಯುವುದು. ನೌಕರ ನೀರಿನ ಪಟ್ಟಿಗೆ ಮೊದಲು ನಮಸ್ಕಾರ ಮಾಡಿ ಆಮೇಲೆ ಅಂಕಿ ನೋಡುವುದು. ಕೊಡೆ, ಟ್ರಂಕು, ಹೊಸ ಬೂಟು ಸಮೇತ ಬಸ್ಸಿನಿಂದ ಇಳಿದ ನಾನು ಮೊದಲ ಹೆಜ್ಜೆಗೇ ಸೆಗಣಿ ಮೆಟ್ಟಿದ್ದು. ನನ್ನನ್ನು ನಾನು ಅಣಕಿಸಿಕೊಂಡಾಗ ಎಲ್ಲರಿಗಿಂತ ಹೆಚ್ಚು ನಗು ಬೀಳುತ್ತಿತ್ತು, ಅದು ನನ್ನ ಹೆಮ್ಮೆ.

ಒಂದು ದಿನ ಸಾಹೇಬರನ್ನು ಮಾಡಿದೆ. ಕಲ್ಲಿನ ಮೇಲೆ ಕುರ್ಚಿಯ ಗತ್ತಿನಲ್ಲಿ ಕೂತು, ಇಲ್ಲದ ಕನ್ನಡಕ ತೆಗೆದು ಪಂಚೆಯ ತುದಿಗೆ ಒರೆಸಿ, ಮಾತಿಗೆ ಮೊದಲು ಕೆಮ್ಮಿದೆ. ಎರಡು ಗಿಡ್ಡ, ಒಂದು ಉದ್ದ. ಉದ್ದನೆಯದನ್ನು ಎದೆಯ ತಳದಿಂದ ಎಳೆದು ಕೊನೆಗೆ ನುಂಗಿಬಿಡುವುದು. ಅದು ಬಹಳ ಚೆನ್ನಾಗಿ ಬಂತು. ಇಷ್ಟು ಚೆನ್ನಾಗಿ ನನಗೆ ಯಾವ ಕೆಮ್ಮೂ ಬಂದಿರಲಿಲ್ಲ.

ಯಾರೂ ನಗಲಿಲ್ಲ. ಆಚಾರಿ ಬಾಯಿಗೆ ಒಯ್ದ ತುತ್ತನ್ನು ಎಲೆಗೆ ಇಳಿಸಿದ. ನೌಕರ ಎದ್ದು ಹೊಳೆಯ ಕಡೆ ಹೋದ. ಸಾಹೇಬರ ಹೆದರಿಕೆ ಇರಬೇಕು ಎಂದುಕೊಂಡು ನಾನು ಇನ್ನೊಂದು ಸಲ ಕೆಮ್ಮಿದೆ. ನಗು ಬಾರದಿದ್ದರೆ ಇನ್ನೊಮ್ಮೆ ಮಾಡುವುದು ನನ್ನಂಥವರ ಚಟ.

"ಅದು ಬೇಡ ಹೆಗಡೇರೆ" ಎಂದ ಆಚಾರಿ.

"ಸಾಹೇಬ್ರು ಇಲ್ಲಿಲ್ವಲ್ಲ ಮಾರಾಯ್ರೆ."

"ಸಾಹೇಬ್ರು ಎಲ್ಲಿ ಕೆಮ್ತಾರೆ?" ಆಚಾರಿಯ ದನಿಯಲ್ಲಿ ಮೂಗೇ ಇರಲಿಲ್ಲ. "ಅದು ಮೊದ್ಲಿನ ಓವರ್‌ಸಿಯರ್ರದ್ದು. ನೀವು ಅವ್ರನ್ನ ಎಲ್ಲಿ ಕಂಡಿದ್ರಿ?"

ಕಂಡಿರಲೇ ಇಲ್ಲ. ಸಾಹೇಬರನ್ನು ಕಣ್ಣಮುಂದೆ ತಂದುಕೊಂಡೆ. ಅವರು ಕನ್ನಡಕ ಒರೆಸುತ್ತಾರೆ, ಅರೇ ಎನ್ನುತ್ತಾರೆ, ಕೆಮ್ಮುವುದಿಲ್ಲ. ಕೆಮ್ಮಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ.

"ಈಗ ಯಾವ ಊರಲ್ಲಿದ್ದಾರೆ ಅವರು?" ಎಂದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ಚಳಿಗಾಲದಲ್ಲಿ ಎದೆ ಕಟ್ತು. ಅರಬೈಲ್ ಘಟ್ಟ ಇಳ್ದು ಊರಿಗೆ ಹೋದ್ರು. ಅಲ್ಲೇ ಹೋಗ್ಬಿಟ್ರು." ಆಚಾರಿ ಕೈ ತೊಳೆದುಕೊಂಡ. "ದಿನಾ ಸಂಜೆಗೆ ಆ ಹೊಳೆಬದಿ ನಡುಗಂಬಕ್ಕೆ ಕಿವಿ ಕೊಟ್ಟು ನಿಲ್ತಿದ್ರು. ಕೆಮ್ತಾ ಕೆಮ್ತಾ."

ಅವತ್ತು ಸಂಜೆ ಬಿಸಿಲು ಇಳಿಯುವುದನ್ನು ಕಾದು ಗೂಡಿನ ಕೆಳಗೆ ನಿಂತೆ. ದೂರದಲ್ಲಿ ಮಾಗೋಡಿನ ಜಲಪಾತ ಬೇಸಿಗೆಯ ಸಣ್ಣ ದನಿಯಲ್ಲಿತ್ತು. ಮೊದಲ ಠಕ್ ಬಂತು, ಎರಡನೆಯದು ಬಂತು. ಆಮೇಲೆ ಎದೆಯ ತಳದಿಂದ ಎಳೆದು, ಕೊನೆಗೆ ನುಂಗಿದ ಸದ್ದು. ವಾರಗಟ್ಟಲೆ ಕೇಳಿಸಿಕೊಂಡಿದ್ದೆ, ಪಾಠವನ್ನೂ ಮಾಡಿದ್ದೆ. ನನ್ನ ಕಿವಿ ಮಾತ್ರ ನನಗೆ ಹೇಳದೆ ಕೇಳಿ ಕಲಿತುಕೊಂಡಿತ್ತು. ಕಬ್ಬಿಣದಿಂದ ನಾನು ಕಲಿತೆ, ಸರಿ. ಕಬ್ಬಿಣ ಯಾರಿಂದ ಕಲಿಯಿತು?

ಓಡಿ ಬಂದೆ ಎಂದು ಬರೆಯಲು ನಾಚಿಕೆ. ಚುರುಕಾಗಿ ನಡೆದೆ.

ಆದರೆ ಅಣಕಿಸುವವನ ಕಿವಿಗೆ ಒಂದು ರೋಗವಿದೆ: ಒಮ್ಮೆ ಹಿಡಿದ ಸದ್ದನ್ನು ಪೂರ್ತಿ ಹಿಡಿಯದೆ ಬಿಡುವುದಿಲ್ಲ. ಮರುದಿನವೂ ಹೋದೆ, ಅದರ ಮರುದಿನವೂ. ಒಂದೊಂದು ಕಂಬಕ್ಕೂ ಕಿವಿ ಹಚ್ಚಿ ಕೇಳಿದೆ. ಐದು ಕಂಬಗಳಲ್ಲಿ ಬರಿಯ ಟಿಕ್ ಟಿಕ್, ಬಸ್ಸಿನ ಇಂಜಿನ್ ತಣಿದ ಹಾಗೆ. ಕೆಮ್ಮು ಹೊಳೆಬದಿಯ ನಡುಗಂಬದ್ದು ಮಾತ್ರ. ಅದರ ಸದ್ದು ಮೇಲಿನ ಬೋಲ್ಟಿನಿಂದ ಹೊರಟು ಪೈಪಿನೊಳಗೆ ಕೆಳಗಿಳಿಯುತ್ತಿತ್ತು, ನೆಲದೊಳಗೆ ಎಲ್ಲೋ ದೊಡ್ಡದಾಗಿ, ಮತ್ತೆ ಮೇಲೆ ಬರುತ್ತಿತ್ತು. ಮನುಷ್ಯರ ಗಂಟಲಿನ ಹಾಗೆ. ಅಷ್ಟೇ ಅಲ್ಲ, ಎಳೆದ ಭಾಗ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಅದನ್ನು ಬೇರೆ ಯಾರಿಗೂ ತೋರಿಸುವ ಹಾಗಿರಲಿಲ್ಲ; ನಾನು ಮಾಡಿ ತೋರಿಸಬಹುದಿತ್ತು, ಆದರೆ ಯಾರೂ ಕೂತು ಕೇಳಲು ತಯಾರಿಲ್ಲ.

ಕಂಬ ನೆಟ್ಟಗಿದೆಯೇ ಎಂದು ಓಳಂಬ ಇಳಿಬಿಟ್ಟು ನೋಡಿದೆ. ಬೇರೆ ಕಂಬಗಳ ಪಕ್ಕ ದಾರ ನೆಟ್ಟಗೆ ಇಳಿಯಿತು. ನಡುಗಂಬದ ಪಕ್ಕ ಗುಂಡು ಬುಡದಿಂದ ಒಂದು ಬೆರಳು ದೂರ ನಿಂತಿತು. ಮೇಲೆ ಹತ್ತಿ ರಸಮಟ್ಟ ಇಟ್ಟರೆ ತೊಲೆ ಅಲ್ಲಿ ತಗ್ಗಿತ್ತು. ಕಂಬ ಕೆಳಗೆ ಹೋಗುತ್ತಿದೆ. ಕಾಂಕ್ರೀಟಿನ ಮೇಲೆ ನಿಂತ ಕಂಬ ಹೋಗುವುದು ಎಲ್ಲಿಗೆ?

ಸಾಹೇಬರಿಗೆ ಹೇಳಿ ಕಳಿಸಿದೆ. ಜೀಪಿನಲ್ಲಿ ಬಂದರು. ಓಳಂಬ ನೋಡಿದರು. "ಹೆಗಡೆ, ಕಂಬ ನಿಲ್ಲಿಸೂವಾಗನ ವಾಂಕಾ ಇದ್ದಿರಬೇಕು. ನಿನಗ ಕಟ್ಟಿಗಿ ಬೇಕಾಗೈತಿ, ಅದಕ್ಕ ಉಕ್ಕಿನ ಮ್ಯಾಲ ತಪ್ಪು ಹುಡುಕ್ತಿ" ಎಂದರು. ಚಹಾ ಕುಡಿಯುತ್ತ ಕೂತರು. ನೌಕರನ ಹೆಂಡತಿ ಅವಲಕ್ಕಿ ಕಲಸಿ ಕೊಟ್ಟಳು. ಬಿಸಿಲು ಮರಗಳ ಹಿಂದೆ ಹೋಯಿತು.

ಎರಡು ಗಿಡ್ಡ. ಒಂದು ಉದ್ದ.

ಸಾಹೇಬರು ಚಹಾದ ಬಶಿ ಕೆಳಗಿಟ್ಟು ತಿರುಗಿ ನೋಡದೆಯೇ ಅಂದರು: "ಬಂದಿಯೇನಪಾ? ಬಾ, ಚಾ ಕುಡಿ."

ಆಮೇಲೆ ಅವರಿಗೆ ತಾವು ಏನು ಅಂದದ್ದೆಂದು ತಿಳಿಯಿತು. ಗಕ್ಕನೆ ನನ್ನ ಕಡೆ ತಿರುಗಿದರು. "ನೀ ಮಾಡಿದ್ಯಲ್ಲೋ? ನಿನ್ನ ನಾಟಕ ಎಲ್ಲಾ ನನಗ ಗೊತ್ತೈತಿ."

ನನ್ನ ಬಾಯಿ ತುಂಬ ಅವಲಕ್ಕಿ ಇತ್ತು. ಬಾಯಿ ತೆರೆದು ತೋರಿಸಿದೆ. ನನ್ನ ಇಡೀ ನೌಕರಿಯಲ್ಲಿ ಮೇಲಧಿಕಾರಿಗೆ ನಾನು ಕೊಟ್ಟ ಅತಿ ಗಟ್ಟಿ ಸಾಕ್ಷಿ ಅದು.

ಸಾಹೇಬರು ಯಲ್ಲಾಪುರದ ಬಂಗಲೆಯಲ್ಲಿ ಉಳಿದು ಬೆಳಿಗ್ಗೆ ಮತ್ತೆ ಬಂದರು. "ಅಗೀರಿ" ಎಂದರು, ಅಷ್ಟೇ.

ಅಗೆಯುವ ಮೊದಲು ತೊಲೆಗೆ ಆಸರೆ ಬೇಕು. ಆಚಾರಿ ಎರಡು ಗಟ್ಟಿ ಮರದ ಕಂಬ ತಂದು ನಡುಗಂಬದ ಎರಡೂ ಬದಿಗೆ ತೊಲೆಯ ಕೆಳಗೆ ನಿಲ್ಲಿಸಿ, ಬುಡಕ್ಕೆ ಕಲ್ಲು, ಕಲ್ಲಿನ ಮೇಲೆ ಮರದ ಬೆಣೆ ಹೊಡೆದು ಬಿಗಿದ. "ನೋಡಿ, ನಿಮ್ಮ ಉಕ್ಕಿಗೆ ಊರುಗೋಲು ಯಾರು?" ಎಂದು ಮೂಗಿನಲ್ಲಿ ಕೇಳಿದ. ಅದೇ ಅವತ್ತಿನ ಅವನ ಕೊನೆಯ ತಮಾಷೆ. ಗುಂಡಿ ಆಳವಾದಂತೆ ಅವನ ಮಾತು ಕಡಿಮೆಯಾಯಿತು. ಕಾಂಕ್ರೀಟಿನ ಬದಿ ಒಡೆಯಲು ಹಾರೆ ಎತ್ತಿದಾಗ ಅವನೇ ಕೈ ಹಿಡಿದ.

"ನಿಧಾನಕ್ಕೆ. ಅದ್ರೊಳಗೆ ಮಡಕೆ ಇದೆ."

ಎಲ್ಲರೂ ಅವನನ್ನು ನೋಡಿದೆವು.

ಮನೆಯ ಮುಖ್ಯಕಂಬದ ಗುಂಡಿಗೆ ಮಣ್ಣಿನ ಮಡಕೆಯಲ್ಲಿ ಭತ್ತ, ಮೇಲೊಂದು ತೆಂಗಿನಕಾಯಿ ಇಟ್ಟು ಮುಚ್ಚುವುದು ಆಚಾರಿಯ ಮನೆತನದ ಪದ್ಧತಿ. ಮರದ ಕಂಬಕ್ಕಾದರೆ ಮಡಕೆಯ ಎರಡೂ ಬದಿಗೆ ಚಿರೆಕಲ್ಲು ಇಟ್ಟು, ಮೇಲೆ ಹಾಸುಗಲ್ಲು ಹಾಸಿ, ಅದರ ಮೇಲೆ ಕಂಬ ನಿಲ್ಲಿಸುತ್ತಾರೆ. ಭಾರ ಮಡಕೆಗೆ ತಾಗುವುದಿಲ್ಲ. ಇಲ್ಲಿ ಹಳೆಯ ಓವರ್‌ಸಿಯರ್ ಬೋಲ್ಟು ತರಲು ಯಲ್ಲಾಪುರಕ್ಕೆ ಹೋದ ದಿನ, ಉಕ್ಕಿನ ಮನೆಯಾದರೂ ಮನೆಯೇ ತಾನೇ ಎಂದು, ಆಚಾರಿ ಮಡಕೆ ಇಟ್ಟ. ಹಾಸುಗಲ್ಲು ಹಾಕಲು ಕಾಂಕ್ರೀಟಿನಲ್ಲಿ ಜಾಗವಿರಲಿಲ್ಲ. ಕಾಂಕ್ರೀಟೂ ಕಲ್ಲೇ ಅಲ್ಲವೇ ಎಂದು ಮಡಕೆಯ ಮೇಲೆಯೇ ಸುರಿಸಿದ.

"ಅವರಿಗೆ ಹೇಳ್ಲಿಲ್ವ?"

"ಬೈತಾರೆ ಅಂತ ಹೇಳ್ಲಿಲ್ಲ. ದಿನಾ ಕಿವಿ ಕೊಟ್ಟು ಕೇಳ್ತಿದ್ರು ಹೆಗಡೇರೆ. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ. ಹೇಳ್ಲಿಲ್ಲ."

ಬದಿ ಒಡೆದಾಗ ಮಡಕೆ ಕಂಡಿತು. ಹೊಟ್ಟೆ ಒಡೆದಿರಲಿಲ್ಲ. ಮೇಲಿನ ತೆಳು ಕಾಂಕ್ರೀಟು ಬಿರಿದು, ತೆಂಗಿನಕಾಯಿಯನ್ನು ಒಡೆದು ಪೈಪಿನ ಬುಡ ಮಡಕೆಯ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಒಂದು ತೂತು ಕೊರೆದು ಆಚಾರಿ ಕೈ ಹಾಕಿ ನೋಡಿದ. ಚಿಪ್ಪಿನ ಚೂರು ಬಿಟ್ಟರೆ ಒಂದು ಕಾಳೂ ಇಲ್ಲ. ಇರುವೆಯೋ ಗೆದ್ದಲೋ, ಎಲ್ಲವನ್ನೂ ಸಾಗಿಸಿ ಗುಡಿಸಿದ ಹಾಗೆ ನುಣ್ಣಗೆ ಬಿಟ್ಟಿತ್ತು. ಟೊಳ್ಳು ಪೈಪು, ಅದರ ಬುಡದಲ್ಲಿ ಟೊಳ್ಳು ಮಡಕೆ. ಸದ್ದು ಏಕೆ ದೊಡ್ಡದಾಗುತ್ತಿತ್ತು ಎಂಬುದಕ್ಕೆ ಅದು ಸಾಕು. ಉಳಿದದ್ದಕ್ಕೆ ಸಾಲದು.

ನಾನು ಗುಂಡಿಗಿಳಿದು ಆ ತೂತಿಗೆ ಮುಖ ಹಿಡಿದು, ಸುಮ್ಮನಿರಲಾರದೆ, "ಹೋಯ್" ಎಂದೆ. ತಣ್ಣನೆಯ ಗಾಳಿಯ ಜೊತೆ "ಹೋಯ್" ತಿರುಗಿ ಬಂತು, ನನಗಿಂತ ವಯಸ್ಸಾದ ದನಿಯಲ್ಲಿ. ಬದುಕಿನಲ್ಲಿ ಮೊದಲ ಸಲ ಯಾರೋ ನನ್ನನ್ನು ಅಣಕಿಸಿದರು. ಸಿಕ್ಕಾಪಟ್ಟೆ ಬೇಗ ಮೇಲೆ ಬಂದೆ.

ಸಾಹೇಬರಿಗೆ ಈಗ ನೆಮ್ಮದಿ. ಕಾರಣ ಸಿಕ್ಕಿತಲ್ಲ. "ಮಡಕಿ ತಗಿ, ಕಾಂಕ್ರೀಟ್ ತುಂಬು, ಮುಂದ ನಡಿ. ಉಕ್ಕಿಂದೇನು ತಪ್ಪೈತಿ?"

ತಪ್ಪೇನೂ ಇರಲಿಲ್ಲ. ನಾನು ಹೂಂ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ನೌಕರನ ಹೆಂಡತಿ ದಿಬ್ಬದ ಮೇಲಿನಿಂದ ಕೇಳಿದಳು: "ಆಷಾಢದಾಗ ಮತ್ತ ಕುಸದ್ರ ಯಾರು ಬರ್ತೀರಿ?"

ಯಾರೂ ಬರುವುದಿಲ್ಲ. ಹಳ್ಳ ತುಂಬಿದರೆ ದಾರಿಯೇ ಇಲ್ಲ. ನಾನು ಪಾನಾ ತೆಗೆದು ನೌಕರನ ಕೈಗೆ ಕೊಟ್ಟು ಮೇಲಿನ ಒಂದು ನಟ್ಟು ಸಡಿಲಿಸಿ ಬಿಗಿ ಎಂದೆ. ಚಳಿಗಾಲದ ಇಬ್ಬನಿಗೇ ತುಕ್ಕು ಹಿಡಿದಿತ್ತು. ಅವನು ತೂಗಿದ, ಜೋತುಬಿದ್ದ, ಬೆವರಿದ, ನಟ್ಟು ಅಲುಗಲಿಲ್ಲ. ನಾಲ್ಕು ತಿಂಗಳು ಮಳೆ ಕುಡಿದ ಮೇಲೆ ಕೇಳುವುದೇ ಬೇಡ. ಆಮೇಲೆ ಆಚಾರಿಯ ಮರದ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, ಆಸರೆಯ ಬುಡದ ಬೆಣೆಯನ್ನು ತೋರಿಸಿದೆ.

"ಇದನ್ನ ಹೊಡಿಯಮ್ಮ."

ಅವಳು ಮೊದಲ ಸಲ ಗೂಡಿನ ಕೆಳಗೆ ಬಂದಳು. ಸೆರಗು ಸಿಕ್ಕಿಸಿ ಎರಡು ಏಟು ಹೊಡೆದಳು. ಬೆಣೆ ಒಳಗೆ ಹೋಯಿತು, ತೊಲೆ ಕಣ್ಣಿಗೆ ಕಾಣುವ ಹಾಗೆ ಮೇಲೆದ್ದಿತು. ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿಕೊಂಡು, "ಇದು ನನಗ ಬರ್ತೈತ್ರಿ" ಎಂದಳು.

ಅಲ್ಲಿಗೆ ನನ್ನ ತೀರ್ಮಾನವಾಯಿತು. ಯಾವುದು ಗಟ್ಟಿ ಎಂದು ನಾನು ಇಷ್ಟು ದಿನ ಕೇಳುತ್ತಿದ್ದೆ. ಅದರ ಮೇಲೆ ಇರುವವರು ಯಾವುದನ್ನು ತಾವೇ ಸರಿಮಾಡಿಕೊಳ್ಳಬಲ್ಲರು ಎಂದು ಕೇಳಿರಲಿಲ್ಲ. "ಕಟ್ಟಿಗೆ ಸಾಹೇಬ್ರೆ" ಎಂದೆ. "ಮತ್ತಿ ಮರದ ಕಂಬ. ನೆಲದಲ್ಲಿ ಹೂಳೂದು ಬೇಡ, ಕಲ್ಲಿನ ಪೀಠದ ಮೇಲೆ ಬೆಣೆ ಇಟ್ಟು ನಿಲ್ಸೋಣ. ಗೆದ್ದಲು ಹತ್ತಿದ್ರೆ ಕಲ್ಲಿನ ಮೇಲೆ ದಾರಿ ಕಾಣ್ತದೆ. ಕುಸಿದ್ರೆ ಇವ್ರೇ ಏರಿಸ್ಕೊಳ್ತಾರೆ."

ಸಾಹೇಬರು ನಡುಗಂಬವನ್ನು ಬಹಳ ಹೊತ್ತು ನೋಡಿದರು. ಪರ್ಮಿಟ್ಟಿಗೆ ಓಡಾಡಿದ್ದು ನೆನಪಾಗಿರಬೇಕು, ಇನ್ನೇನೋ ಸಹ. "ಕಾರಣ ತುಕ್ಕು ಅಂತ ಬರಿ" ಎಂದು ಜೀಪು ಹತ್ತಿದರು.

ಯಲ್ಲಾಪುರದ ಡಿಪೋದಲ್ಲಿ ಹಳೆಯ ಮತ್ತಿಯ ದಿಮ್ಮಿಗಳು ಒಣಗಿ ಬಿದ್ದಿದ್ದವು. ಆಚಾರಿ ಒಂದೊಂದನ್ನೂ ನಡುವೆ ಹಗ್ಗ ಕಟ್ಟಿ ತೂಗಿಸಿ, ಭಾರವಾಗಿ ಇಳಿದ ತುದಿಗೆ ಕೆಮ್ಮಣ್ಣು ಬಳಿದ. ಅದು ಮರದ ಬುಡ. ಮರ ನಿಂತಿದ್ದ ಹಾಗೇ ಕಂಬವೂ ನಿಲ್ಲಬೇಕಂತೆ. ತಲೆಕೆಳಗೆ ನಿಲ್ಲಿಸಿದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಮೊದಲಾಗಿದ್ದರೆ ಕೇಳಿ, ನಾನೇ ತಲೆಕೆಳಗೆ ನಿಂತು ತೋರಿಸುತ್ತಿದ್ದೆ. ಈ ಸಲ ಮಡಕೆಯನ್ನು ಎಲ್ಲರೆದುರಿಗೆ, ಕಂಬದಿಂದ ಮಾರು ದೂರದಲ್ಲಿ ಹೂತ. ಬೆಣೆ ಹೊಡೆಯುವುದನ್ನು ಗಂಡ ಹೆಂಡತಿ ಇಬ್ಬರಿಗೂ ಕಲಿಸಿದ. ಉಕ್ಕನ್ನು ಬಿಚ್ಚಿ ಲಾರಿಗೆ ಹೇರಿ ಘಟ್ಟದ ಕೆಳಗಿನ ಇನ್ನೊಂದು ಕೆಲಸಕ್ಕೆ ಕಳಿಸಿದೆವು. ಮಾಡಿಗೆ ಹೆಂಚು ಹೊದಿಸಿದ ವಾರವೇ ಮಳೆ ಹಿಡಿಯಿತು. ಅವಳು ಹಣತೆ ಹಿಡಿದು ಏಣಿ ಹತ್ತಿದಳು. ಮೇಲಿನಿಂದ ಗಂಡನಿಗೆ "ಬರ್ರಿ" ಎಂದು ಕೂಗಿದಳು. ಅಂದು ಸಂಜೆ ನಾವೆಲ್ಲ ಕೆಳಗೆ ನಿಂತು ಕಾದೆವು. ಮನೆ ಸುಮ್ಮನಿತ್ತು.

ಆಷಾಢದಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಾಗ ಕಷ್ಟಪಟ್ಟು ಹಳ್ಳ ದಾಟಿ ನೋಡಲು ಹೋದೆ. ಹೊಳೆ ಕಂಬಗಳ ಕಲ್ಲಿನ ಪೀಠ ಮುಟ್ಟಿ ಹೋಗಿತ್ತು. ಮನೆ ನೆಟ್ಟಗಿತ್ತು. ಮಳೆಯಲ್ಲಿ ಒಮ್ಮೆ ಬೆಣೆ ಸಡಿಲಾಗಿ, ಇಬ್ಬರೂ ಕಂದೀಲು ಹಿಡಿದು ಇಳಿದು ಹೊಡೆದರಂತೆ. ಅವಳು ಅದನ್ನು ಪಾತ್ರೆ ತಿಕ್ಕಿದ ಮಾತಿನ ಹಾಗೆ ಹೇಳಿದಳು. ನೌಕರ ನೀರು ನೋಡಿ ಬಂದು ಅಂಕಿ ಬರೆದ. ಬಿಸಿ ಚಹಾ, ಹುರಿದ ಹಲಸಿನ ಬೀಜ. ನನಗೂ ಹುರುಪು ಬಂದು ಆಚಾರಿಯನ್ನು ಮಾಡಿದೆ, ಸಾಹೇಬರನ್ನು ಮಾಡಿದೆ, ಕೆಮ್ಮು ಬಿಟ್ಟು.

"ನಾ ಒಂದು ಮಾಡ್ಲ್ಯಾ?" ಎಂದಳು ಅವಳು. ನಾಚಿಕೊಂಡೇ ಎದ್ದು, ಬಾಗಿಲಿಗೆ ಹೋಗಿ, ಕೊಡೆ ಮಡಚಿದ ಹಾಗೆ ಮಾಡಿ, ಬೂಟಿನ ಕೆಳಗೆ ಏನೋ ಅಂಟಿದೆಯೇ ಎಂದು ನೋಡಿ ಒಳಗೆ ಬಂದಳು. ನಾನು! ಹೊಟ್ಟೆ ಹಿಡಿದು ನಕ್ಕೆ. ಮಾತಿಗೆ ಮೊದಲು ಅವಳು ಎದೆಯ ಮೇಲೆ ಕೈಯಿಟ್ಟು ಕೆಮ್ಮಿದಳು.

ಎರಡು ಗಿಡ್ಡ. ಒಂದು ಉದ್ದ, ಕೊನೆಗೆ ನುಂಗಿದ್ದು.

"ಇದು ಯಾರದು?" ಎಂದೆ.

"ನಿಮ್ಮದ್ರೀ. ಇವತ್ತ ಬಂದಾಗಿಂದ ಹಿಂಗ ಕೆಮ್ಮಾಕ ಹತ್ತೀರಿ. ಗೊತ್ತಾಗವಲ್ದೇನು? ಆ ಕಬ್ಬಿಣ ಹೋದಾಗಿಂದ ನಿಮಗ ಹತ್ತೈತಿ."

ಗಂಡ ನಗುತ್ತಿರಲಿಲ್ಲ. ಅವಳು ಮಾತ್ರ ಬಟ್ಟಲಿಗೆ ಇನ್ನಷ್ಟು ಬೀಜ ಹಾಕಿ ನನ್ನ ಕಡೆ ಸರಿಸಿದಳು. "ಮನ್ಯಾಗ ಇಲ್ಲ ಅಂದ್ರ ಸಾಕ್ರಿ ನನಗ. ತಿನ್ರಿ."

ಚಹಾ ಮುಗಿಸಿ, ಬೆಣೆ ನೋಡಿ ಬರುತ್ತೇನೆ ಎಂದು ಏಣಿ ಇಳಿದೆ. ಬೆಳಕು ಮರಗಳ ಹಿಂದೆ ಹೋಗುತ್ತಿತ್ತು. ಹೊಳೆಬದಿಯ ನಡುಗಂಬದ ಹತ್ತಿರ ಹೋಗಿ, ಒದ್ದೆ ಮತ್ತಿಗೆ ಕಿವಿ ಹಚ್ಚಿ ನಿಂತೆ.